ಶಾಲೆ ಬಿಟ್ಟ ಮೇಲಿನ ಪಾಠ

ಸಂಘದ ಇಪ್ಪತ್ತೈದು ವರ್ಷಗಳ ಲೆಕ್ಕಪತ್ರ, ಅಧ್ಯಕ್ಷರು ಮತ್ತು ನಿರ್ದೇಶಕರ ಪಟ್ಟಿ, ಸ್ವಂತ ಕಟ್ಟಡ ಕಟ್ಟಿದ ಕಥೆ ಇವೆಲ್ಲ ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ಸಂಪಾದಕ ಮಂಡಳಿಯವರು ನಮಗೆ ವಹಿಸಿದ್ದು ಚಿಕ್ಕ ಕೆಲಸ. ಡೈರಿ ಜಗಲಿಯ ಮೇಲೆ ಸಂಜೆ ಹೊತ್ತು ನಡೆಯುವ ಮಕ್ಕಳ ಪಾಠದ ಬಗ್ಗೆ ಒಂದೆರಡು ಪುಟ ಬರೆದುಕೊಡಿ ಅಂದರು. ಬರೆಯಲು ಕೂತ ಮೇಲೆ ಗೊತ್ತಾಯಿತು, ಇದು ನಮ್ಮ ಜಗಲಿಯಿಂದ ಶುರುವಾದ ಸಂಗತಿಯಲ್ಲ. ಶಾಲೆಯ ಗಂಟೆ ಹೊಡೆದ ಮೇಲೆ ಓದುವ ಮಗುವಿನ ಕೈ ಹಿಡಿಯುವವರು ಯಾರು ಅನ್ನುವ ಪ್ರಶ್ನೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಆದ್ದರಿಂದ ಸದಸ್ಯ ಬಂಧುಗಳು ಸ್ವಲ್ಪ ತಾಳ್ಮೆ ತಂದುಕೊಂಡು ಹಿಂದಿನದನ್ನೂ ಓದಬೇಕೆಂದು ಕೋರುತ್ತೇವೆ.

ನಮ್ಮ ಅಜ್ಜಂದಿರ ಕಾಲಕ್ಕೂ ಹಿಂದೆ ಊರೂರಲ್ಲಿ ಕೂಲಿಮಠಗಳಿದ್ದವು. ಗುಡಿಯ ಕೈಸಾಲೆಯೋ, ಯಾರದೋ ಮನೆ ಜಗಲಿಯೋ ಅದೇ ಶಾಲೆ. ಐಗಳು ಒಬ್ಬರೇ, ಮಕ್ಕಳು ಎಲ್ಲ ವಯಸ್ಸಿನವರೂ ಒಟ್ಟಿಗೆ. ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದೋದು, ಮಗ್ಗಿ ಒಪ್ಪಿಸೋದು. ಐಗಳಿಗೆ ಸಂಬಳ ಅಂದರೆ ಸುಗ್ಗಿಯಲ್ಲಿ ಅಷ್ಟು ರಾಗಿ, ಅಷ್ಟು ಭತ್ತ, ಹಬ್ಬಕ್ಕೆ ಒಂದು ಪಂಚೆ. ಒಬ್ಬರೇ ಇಷ್ಟು ಮಕ್ಕಳನ್ನು ನಿಭಾಯಿಸುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ಉಪಾಯವೇ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಹೇಳಿಸುವುದು. ಮೂರರ ಮಗ್ಗಿ ಬಂದವನು ಎರಡರ ಮಗ್ಗಿ ಬಾರದವನ ಪಕ್ಕ ಕೂರಬೇಕು. ಹೇಳಿಕೊಡ್ತಾ ಹೇಳಿಕೊಡ್ತಾ ಅವನಿಗೂ ಗಟ್ಟಿಯಾಗುತ್ತಿತ್ತು.

ಈ ಪದ್ಧತಿಗೆ ಒಂದು ಸ್ವಾರಸ್ಯದ ಚರಿತ್ರೆಯಿದೆ. ಸ್ಕಾಟ್‌ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ಎಂಬುವರು ಮದರಾಸಿಗೆ ಬಂದು 1789ರಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯ ಉಸ್ತುವಾರಿ ವಹಿಸಿಕೊಂಡರು. ಅವರ ಕೈಕೆಳಗಿನ ಉಪಾಧ್ಯಾಯರು ಹೊಸದನ್ನೇನೂ ಮಾಡಲು ಒಪ್ಪುತ್ತಿರಲಿಲ್ಲವಂತೆ. ಆಗ ಅವರ ಕಣ್ಣಿಗೆ ಬಿದ್ದದ್ದು ಈ ದೇಶದ ಜಗಲಿಶಾಲೆ, ಮರಳಿನ ಮೇಲೆ ಬರೆಯುವ ಮಕ್ಕಳು. ಅದನ್ನೇ ತಮ್ಮ ಶಾಲೆಗೆ ತಂದು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದರು. ಊರಿಗೆ ಮರಳಿ 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ನಮ್ಮ ಜಗಲಿಯ ಉಪಾಯ ಹಡಗು ಹತ್ತಿ ಹೋಯಿತು. ನಮ್ಮಲ್ಲಿ ಮಾತ್ರ ಬೆಂಚು ಬಂದ ಮೇಲೆ ಪಕ್ಕದವನಿಗೆ ಹೇಳಿಕೊಡೋದು ತಪ್ಪು ಅನ್ನುವಂತಾಯಿತು.

ಹಾಗಂತ ಕೂಲಿಮಠವನ್ನು ಹೊಗಳಿ ಅಟ್ಟಕ್ಕೇರಿಸುವುದು ನಮ್ಮ ಉದ್ದೇಶವಲ್ಲ. ಆ ಜಗಲಿಯನ್ನು ಎಲ್ಲರ ಮಕ್ಕಳೂ ಹತ್ತುವ ಹಾಗಿರಲಿಲ್ಲ. ಹೆಣ್ಣುಮಕ್ಕಳು ಬಲು ಅಪರೂಪ. ಊರ ಹೊರಗಿನ ಕೇರಿಯವರ ಮಕ್ಕಳಂತೂ ಇಲ್ಲವೇ ಇಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆದಾಗ ಅವರ ಜನರೇ ಅವರನ್ನು ದೂರವಿಟ್ಟರು. ನಮ್ಮ ಮೈಸೂರು ಸೀಮೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು, ಸರ್ಕಾರಿ ಶಾಲೆಗಳು ಹೆಚ್ಚಿದವು. ಶಾಲೆಯ ಬಾಗಿಲು ನಿಧಾನಕ್ಕೆ ತೆರೆಯಿತು. ಆದರೆ ದೂರದ ಊರಿನ ಬಡ ಹುಡುಗ ಶಾಲೆ ಸೇರಿದ ಮೇಲೆ ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಅರ್ಥವಾಗದ ಪಾಠವನ್ನು ಯಾರ ಹತ್ತಿರ ಕೇಳಬೇಕು?

ಅದಕ್ಕೆ ಆಗಿನ ಉತ್ತರ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡ ಹುಡುಗ ಪುಣ್ಯವಂತ. ಐದೇ ಮನೆ ಸಿಕ್ಕವನಿಗೆ ವಾರಕ್ಕೆ ಎರಡು ದಿನ ಉಪವಾಸ, ಇಲ್ಲವೇ ಪುರಿ ಬೆಲ್ಲ. ಉಂಡ ಮನೆಯಲ್ಲಿ ನೀರು ಸೇದಬೇಕು, ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಅಕ್ಕರೆಯಿಂದ ಬಡಿಸಿದ ತಾಯಂದಿರಿದ್ದರು, ಎಲೆಯ ಮುಂದೆ ಕೂರಿಸಿ ಮಾತಾಡಿಕೊಂಡವರೂ ಇದ್ದರು. ಇದಕ್ಕೂ ಜಾತಿಯ ಬೇಲಿ ಇದ್ದೇ ಇತ್ತು. ವಾರಾನ್ನ ಸಿಗುತ್ತಿದ್ದದ್ದು ಕೆಲವರಿಗೆ ಮಾತ್ರ. ಅದಿಲ್ಲದವರು ಬೇರೆ ದಾರಿ ಹುಡುಕಬೇಕಿತ್ತು. ವಿಶ್ವೇಶ್ವರಯ್ಯನವರೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನವರ ಮನೆಯೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ತೂಗಿಸಿದವರು. ಗೌರಿಬಿದನೂರಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಅವರು ಬಾಳಿದ್ದು ವಿದ್ಯಾರ್ಥಿ ನಿಲಯದ ಕೋಣೆಯಲ್ಲಿ. ಅವರ ಹೆಸರು ನಮಗೆಲ್ಲ ಗೊತ್ತು. ಅವರ ಹಾಗೆ ನಡೆದು ಹೋಗಿ, ಊಟ ಸಿಗದೆ ಆರು ತಿಂಗಳಿಗೆ ವಾಪಸ್ಸು ಬಂದು ನೇಗಿಲು ಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿ ಊರಲ್ಲೂ ಅಂಥವರಿದ್ದರು.

ವಾರಾನ್ನದ ಮನೆಮನೆ ಅಲೆದಾಟ ತಪ್ಪಿಸಿದವು ಉಚಿತ ವಿದ್ಯಾರ್ಥಿ ನಿಲಯಗಳು. ನಮ್ಮ ತುಮಕೂರು ಸೀಮೆಯವರಿಗೆ ಸಿದ್ಧಗಂಗೆಯ ಬಗ್ಗೆ ಹೇಳಬೇಕಾಗಿಲ್ಲ. 1930ರಲ್ಲಿ ಉತ್ತರಾಧಿಕಾರಿಯಾಗಿ ಬಂದು 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವ ತನಕ, ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ನಡೆಸಿಕೊಂಡು ಬಂದರು. ಅಲ್ಲಿ ಓದಿದ ಹಿರಿಯರು ಹೇಳುವ ಮಾತೊಂದನ್ನು ಇಲ್ಲಿ ದಾಖಲಿಸಬೇಕು. ಊಟಕ್ಕಿಂತ ಹೆಚ್ಚಾಗಿ ಅವರಿಗೆ ನೆನಪಿರುವುದು ಬೆಳಗಿನ ಜಾವದ ಗಂಟೆ ಮತ್ತು ಓದುವ ಹೊತ್ತು. ಎಲ್ಲರೂ ಕೂತು ಓದುವ ಹೊತ್ತಲ್ಲಿ ತಾನೂ ಕೂರಲೇಬೇಕು. ಅರ್ಥವಾಗದಿದ್ದರೆ ಪಕ್ಕದ ಚಾಪೆಯಲ್ಲಿ ಒಬ್ಬ ದೊಡ್ಡ ಹುಡುಗ ಇದ್ದೇ ಇರುತ್ತಿದ್ದ. ಮನೆಯಲ್ಲಿ ಇದು ಸಿಗುವುದಿಲ್ಲ. ಮನೆಯಲ್ಲಿ ಹುಡುಗ ಪುಸ್ತಕ ತೆಗೆದ ಹೊತ್ತಿಗೆ ಸರಿಯಾಗಿ ಎಮ್ಮೆ ಕೂಗುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಹಾಸ್ಟೆಲುಗಳು, ವಿದ್ಯಾರ್ಥಿವೇತನ, ಪುಸ್ತಕ, ಸಮವಸ್ತ್ರ ಒಂದೊಂದಾಗಿ ಬಂದವು. ಇವನ್ನು ಬೇಗ ಹೇಳಿ ಮುಗಿಸುತ್ತೇವೆ, ಯಾಕೆಂದರೆ ಎಲ್ಲರಿಗೂ ಗೊತ್ತಿರುವ ಸಂಗತಿ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಶಾಲಾ ಮಕ್ಕಳಿಗೆ ಆಹಾರ ಕೊಡುವ ಯೋಜನೆ ತಂದಿತು. ನಮ್ಮಲ್ಲಿ ಅದು ಹಾಜರಾತಿ ಸರಿಯಾಗಿದ್ದ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಎಂದಾಯಿತು. ಅಕ್ಕಿ ಚೀಲ ಮನೆಗೆ ಹೋಯಿತು, ಮಗು ಮಧ್ಯಾಹ್ನ ಹಸಿದೇ ಕೂತಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶ ಮಾಡಿತು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ, ಮರುವರ್ಷ ಉಳಿದ ಕಡೆಯಲ್ಲೂ ಅಕ್ಷರ ದಾಸೋಹ ಶುರುವಾಯಿತು. ದಾಸೋಹ ಅನ್ನುವ ಹೆಸರೇ ಮಠದ ಪಂಕ್ತಿಯಿಂದ ಶಾಲೆಯ ಪಡಸಾಲೆಗೆ ಬಂದದ್ದು ನೋಡಿ. 2013ರ ಆಗಸ್ಟ್ ಒಂದರಂದು ಕ್ಷೀರಭಾಗ್ಯ ಬಂತು: ಹದಿನೆಂಟು ಗ್ರಾಂ ಹಾಲಿನ ಪುಡಿಯಲ್ಲಿ ಕಲಸಿದ ನೂರೈವತ್ತು ಮಿಲಿ ಲೀಟರ್ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ನಾವು ಡೈರಿಗೆ ಹಾಕಿದ ಹಾಲು ಪುಡಿಯಾಗಿ ತಿರುಗಿ ನಮ್ಮ ಮಕ್ಕಳ ಲೋಟಕ್ಕೇ ಬಂತಲ್ಲ ಅಂತ ಆವತ್ತು ನಮ್ಮ ಸಂಘದಲ್ಲಿ ಸಿಹಿ ಹಂಚಿದ್ದು ಹಲವರಿಗೆ ನೆನಪಿರಬಹುದು.

ಕಲಿಸುವ ರೀತಿಯಲ್ಲೂ ಬದಲಾವಣೆ ಆಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೇಷ್ಟರುಗಳೇ ಸೇರಿ ಕಟ್ಟಿದ 'ನಲಿ ಕಲಿ' 2009ರ ಸುಮಾರಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದು ಎರಡನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮುಂದೆ ಹೋಗುವುದು. ಬಂದವರು ಬಾರದವರಿಗೆ ಹೇಳುವುದು. ಕೂಲಿಮಠದ ಐಗಳು ಎದ್ದು ಬಂದು ನೋಡಿದ್ದರೆ 'ಇದು ನಮ್ದೇ ಅಲ್ವೇನ್ರಪ್ಪಾ' ಅಂತಿದ್ದರೇನೋ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ನಮಗೆ ಬಹಳ ಮುಖ್ಯವಾಗಿ ಕಾಣುವ ಎರಡು ಮಾತುಗಳಿವೆ. ಪ್ರತಿ ಮಗುವಿನ ಕಲಿಕೆ ಎಲ್ಲಿದೆ ಅಂತ ನೋಡಿ ಅಗತ್ಯವಿದ್ದಷ್ಟು ಹೆಚ್ಚಿನ ಪಾಠ ಹೇಳುವುದು ಶಿಕ್ಷಕರ ಕರ್ತವ್ಯ ಎಂದು 24ನೇ ಕಲಮಿನಲ್ಲಿದೆ. ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ ಎಂದು 28ರಲ್ಲಿದೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯುವುದು ಸಾಧ್ಯವಿಲ್ಲ. ಆದರೆ ಮೂರು ತರಗತಿಗೆ ಒಬ್ಬರೇ ಮೇಷ್ಟರು, ಅವರ ಮೇಲೆ ಊಟದ ಲೆಕ್ಕ, ಜನಗಣತಿ, ಚುನಾವಣೆಯ ಕೆಲಸ. ಹೆಚ್ಚಿನ ಪಾಠಕ್ಕೆ ಹೊತ್ತೆಲ್ಲಿ? ಪೇಟೆಯವರು ಟ್ಯೂಷನ್ನಿಗೆ ದುಡ್ಡು ಕೊಟ್ಟರು. ನಮ್ಮ ಹಳ್ಳಿಯ ಕಡೆ ಮಕ್ಕಳು ಬಾರದ ಪಾಠವನ್ನು ಬಾರದ ಹಾಗೇ ಹೊತ್ತುಕೊಂಡು ಹತ್ತನೇ ತರಗತಿಯ ತನಕ ಬಂದರು.

ಬಂದ ಮೇಲೆ ನಾವು ಮಾಡಿದ್ದೇನು? ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಚರಿತ್ರೆ ಅಂದ ಮೇಲೆ ಬಿಡಬಾರದು. ನಮ್ಮ ಕಾಲದಲ್ಲಿ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ನಡೆಯುವಾಗ ಪರೀಕ್ಷಾ ಕೇಂದ್ರದ ಹಿಂದಿನ ಗೋಡೆಯ ಹತ್ತಿರ ಒಂದು ಜಾತ್ರೆಯೇ ಇರುತ್ತಿತ್ತು. ಅಣ್ಣಂದಿರು, ಸೋದರಮಾವಂದಿರು, ಗೆಳೆಯರು. ಚೀಟಿ ಬರೆದು, ಕಲ್ಲಿಗೆ ಸುತ್ತಿ, ಕಿಟಕಿಗೆ ಎಸೆಯುವುದು. ನಾವೂ ಎಸೆದಿದ್ದೇವೆ. ಅದನ್ನು ಕಳ್ಳತನ ಅಂತ ಯಾರೂ ಕರೆಯಲಿಲ್ಲ, 'ಹುಡುಗನಿಗೆ ಸ್ವಲ್ಪ ಸಹಾಯ' ಅಂದೆವು. ವರ್ಷವಿಡೀ ಒಂದು ದಿನವೂ ಅವನ ಪಕ್ಕ ಕೂತು ಭಾಗಾಕಾರ ಬರುತ್ತೇನೋ ಅಂತ ಕೇಳದವರು, ಆ ಎರಡೂವರೆ ಗಂಟೆ ಬಿಸಿಲಲ್ಲಿ ನಿಂತು ಬೆವರು ಸುರಿಸಿ ಸಹಾಯ ಮಾಡಿದೆವು.

ಇಷ್ಟು ಹಿನ್ನೆಲೆ ಹೇಳಿ ಈಗ ನಮ್ಮ ಜಗಲಿಗೆ ಬರುತ್ತೇವೆ.

ಹಾಲಿನ ಊರಿನಲ್ಲಿ ಸಂಜೆ ಹೇಗಿರುತ್ತೆ ಅಂತ ಸದಸ್ಯರಿಗೆ ವಿವರಿಸಬೇಕಿಲ್ಲ. ಶಾಲೆ ಬಿಡುವ ಹೊತ್ತಿಗೂ ಹಸುಗಳು ಮೇವಿಂದ ಬರುವ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಹುಡುಗಿ ಕಸಬಳಿದು ನೀರು ಕಾಯಿಸಬೇಕು, ಹುಡುಗ ಹುಲ್ಲು ಹಾಕಬೇಕು, ಕರು ಹಿಡಿಯಬೇಕು, ಕರೆದ ಹಾಲನ್ನು ಡೈರಿಗೆ ಒಯ್ಯಬೇಕು. ಡೈರಿಯಲ್ಲಿ ಸಾಲು. ಹಾಲು ಅಳೆದು, ಜಿಡ್ಡು ಡಿಗ್ರಿ ನೋಡಿ, ಚೀಟಿ ಕೈಗೆ ಬರುವಷ್ಟರಲ್ಲಿ ಕತ್ತಲು. ಮನೆಗೆ ಹೋಗಿ ಉಂಡರೆ ಕಣ್ಣು ಎಳೆಯುತ್ತೆ. ಬೆಳಗ್ಗೆ ಮತ್ತೆ ಐದೂವರೆಗೆ ಅದೇ ಕೆಲಸ. ಮಗು ಓದಬೇಕಾದ ಎರಡು ಹೊತ್ತನ್ನೂ ಹಸು ತೆಗೆದುಕೊಂಡಿತು. ಸಂಘದ ಹಾಲಿನ ಲೀಟರು ಪ್ರತಿ ವರ್ಷ ಏರಿದ್ದನ್ನು ವಾರ್ಷಿಕ ವರದಿಗಳಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಅದರಲ್ಲಿ ಎಷ್ಟು ಹೊತ್ತು ಮಕ್ಕಳದು ಅಂತ ಯಾವ ವರದಿಯಲ್ಲೂ ಲೆಕ್ಕವಿಲ್ಲ.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಡೈರಿ ಒಂದು ದಿನವೂ ಮುಚ್ಚಲಿಲ್ಲ. ಗುರುತು ಹಾಕಿದ ದೂರದಲ್ಲಿ ನಿಂತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಾಲು ಹಾಕಿದೆವು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಅಂತ ಮಾಡಿತು. ಮೇಷ್ಟರುಗಳೇ ಮಕ್ಕಳಿರುವ ಕಡೆಗೆ ಬಂದು, ಗುಡಿಯ ಅಂಗಳ, ಅರಳಿಕಟ್ಟೆ, ಮರದ ನೆರಳು ಎಲ್ಲೆಂದರಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ನಮ್ಮೂರಲ್ಲಿ ಒಂದು ಗುಂಪಿಗೆ ಸಿಕ್ಕ ಜಾಗ ಡೈರಿ ಜಗಲಿ. ಮಧ್ಯಾಹ್ನ ಅಲ್ಲಿ ಹೇಗೂ ಯಾರೂ ಇರುವುದಿಲ್ಲ, ಮೇಲೆ ಶೀಟು ಇದೆ, ನೆಲ ತೊಳೆದಿರುತ್ತೆ.

ಅಲ್ಲಿ ಒಂದು ದಿನ ನಡೆದ ಸಣ್ಣ ಸಂಗತಿಯೇ ಮುಂದಿನದಕ್ಕೆಲ್ಲ ಕಾರಣ. ಎಂಟನೇ ತರಗತಿಯ ಹುಡುಗ, ಮನೆಯ ಹಾಲನ್ನು ದಿನಾ ತರುವವನು. ಬಟವಾಡೆಯಲ್ಲಿ ದುಡ್ಡು ಕಡಿಮೆ ಬಂದಿದೆ ಅಂತ ಅವನ ಅಜ್ಜಿ ಕಾರ್ಯದರ್ಶಿಯವರ ಹತ್ತಿರ ಜಗಳಕ್ಕೆ ಬಂದರು. ಕಾರ್ಯದರ್ಶಿಯವರು ಹುಡುಗನ ಕೈಗೇ ಚೀಟಿಗಳನ್ನು ಕೊಟ್ಟು, 'ತಗೋ ಮಗಾ, ನೀನೇ ಕೂಡಿ ಅಜ್ಜಿಗೆ ಹೇಳು' ಅಂದರು. ಹುಡುಗ ಚೀಟಿ ಹಿಡಿದು ನಿಂತ. ಬಿಂದು ಇಟ್ಟ ಅಂಕಿಗಳನ್ನು ಕೂಡುವುದು ಅವನಿಗೆ ಬರುತ್ತಿರಲಿಲ್ಲ. ಲೀಟರನ್ನು ದರದಿಂದ ಗುಣಿಸುವುದಂತೂ ದೂರದ ಮಾತು. ಅಜ್ಜಿಗೆ ಆವತ್ತೇ ಗೊತ್ತಾದದ್ದು. 'ಎಂಟು ವರ್ಷ ಕಳಿಸಿದೀನಲ್ಲಪ್ಪ' ಅಂದರು, ಅಷ್ಟೆ. ಜಗಳ ಮರೆತು ಹೋಯಿತು. ಅಲ್ಲಿದ್ದವರೆಲ್ಲ ತಮ್ಮ ಮನೆ ಮಕ್ಕಳ ಕೈಗೂ ಚೀಟಿ ಕೊಟ್ಟು ನೋಡಿದರು ಅಂತ ಆಮೇಲೆ ತಿಳಿಯಿತು.

ಶಾಲೆ ಮತ್ತೆ ತೆರೆದ ಮೇಲೂ ಸಂಜೆ ಹಾಲು ಮುಗಿದ ನಂತರ ಜಗಲಿಯ ದೀಪ ಆರಿಸದೆ ಬಿಡಬೇಕು, ಓದಿಕೊಂಡಿರುವ ಊರ ಹುಡುಗಿಯೊಬ್ಬಳು ಲೆಕ್ಕ ಮತ್ತು ಇಂಗ್ಲಿಷು ಹೇಳಿಕೊಡಲು ಒಪ್ಪಿದ್ದಾಳೆ, ಅವಳಿಗೆ ಸಂಘದಿಂದ ತಿಂಗಳಿಗೆ ಏನಾದರೂ ಗೌರವಧನ ಕೊಡಬೇಕು ಎಂಬ ವಿಷಯ ಸರ್ವಸದಸ್ಯರ ಸಭೆಗೆ ಬಂತು. ದೊಡ್ಡ ಗಲಾಟೆಯೇ ಆಯಿತು. ಹಿರಿಯರೊಬ್ಬರು ಎದ್ದು, 'ಅಲ್ರಪ್ಪಾ, ಡೈರಿ ಇರೋದು ಹಾಲು ಅಳೆಯೋಕೆ. ಪಾಠ ಹೇಳೋಕೆ ಸರ್ಕಾರ ಮೇಷ್ಟ್ರನ್ನ ಇಟ್ಟಿಲ್ವಾ? ಬೋನಸ್ ದುಡ್ಡಲ್ಲಿ ಇದೆಲ್ಲ ಯಾಕೆ?' ಅಂದರು. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಿಂದ ಸದಸ್ಯೆಯೊಬ್ಬರು ಎದ್ದರು. ಸಭೆಯಲ್ಲಿ ಅವರು ಅದಕ್ಕೆ ಮುಂಚೆ ಮಾತಾಡಿದ್ದೇ ಇಲ್ಲ. 'ಯಜಮಾನ್ರೇ, ಪುಸ್ತಕ ಹಿಡ್ಕೊಂಡಿದ್ದ ಹುಡುಗನ್ನ ಕೊಟ್ಟಿಗೆಗೆ ಕರೆಯೋರು ಸರ್ಕಾರದೋರಾ? ನಾವೇ ತಾನೆ. ಅವನ ಹೊತ್ತು ಈ ಕ್ಯಾನಿಗೆ ಬಿದ್ದಿದೆ. ನಾವು ಕೇಳ್ತಿರೋದು ದಾನ ಅಲ್ಲ, ಸಾಲ ತೀರಿಸಿ ಅಂತ.' ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೇ ಅಂತ ಮತ್ತೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಹಕಾರ ಚಳವಳಿಯ ಬುಡದಲ್ಲೇ ಇದಕ್ಕೆ ಉತ್ತರವಿದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘ ಕೃಷಿ ಸಾಲದ್ದು. ಬ್ರಿಟಿಷರ ಸೀಮೆಗಳಿಗೆ 1912ರಲ್ಲಿ ಬಂದ ಸಹಕಾರ ಕಾಯಿದೆಯ 34ನೇ ಕಲಮು ಏನು ಹೇಳಿತ್ತೆಂದರೆ, ನಿವ್ವಳ ಲಾಭದ ಕಾಲು ಭಾಗವನ್ನು ಆಪದ್ಧನಕ್ಕೆ ತೆಗೆದಿಟ್ಟ ಮೇಲೆ, ಉಳಿದದ್ದರಲ್ಲಿ ನೂರಕ್ಕೆ ಹತ್ತು ಮೀರದಂತೆ ಧರ್ಮಾರ್ಥ ಕಾರ್ಯಕ್ಕೆ ಕೊಡಬಹುದು. ಧರ್ಮಾರ್ಥ ಅಂದರೆ ಯಾವುದು ಅನ್ನುವುದಕ್ಕೆ ಅದು 1890ರ ದತ್ತಿ ಕಾಯಿದೆಯ ಕಡೆ ಕೈ ತೋರಿಸುತ್ತದೆ. ಅಲ್ಲಿ ಬಡವರ ನೆರವು, ವೈದ್ಯಕೀಯ ನೆರವಿನ ಜೊತೆಗೆ ಶಿಕ್ಷಣ ಅಂತ ಬಿಡಿಸಿ ಬರೆದಿದೆ. ಮೈಸೂರು ಸೀಮೆಗೆ ಆಗ ಬೇರೆ ಕಾನೂನಿತ್ತು, 1959ರ ಕಾಯಿದೆ ಎಲ್ಲವನ್ನೂ ಒಂದು ಮಾಡಿತು, ಆ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಸಹಕಾರ ಸಂಘ ಅಂದರೆ ಬರೀ ವ್ಯಾಪಾರ ಅಲ್ಲ ಅಂತ ಮೊದಲಿನವರೇ ತಿಳಿದಿದ್ದರು ಅನ್ನುವುದಕ್ಕೆ ಇಷ್ಟು ಹೇಳಿದೆವು. ನಮ್ಮ ಲೆಕ್ಕದಲ್ಲೂ ಧರ್ಮಾರ್ಥದ ಬಾಬ್ತು ಇತ್ತು. ಅದು ಬಹುಮಟ್ಟಿಗೆ ಜಾತ್ರೆಯ ಪೆಂಡಾಲಿಗೆ ಹೋಗುತ್ತಿತ್ತು. ಕೊನೆಗೆ ಕೈ ಎತ್ತಿಸಿ ನೋಡಿದಾಗ ನಿರ್ಣಯ ಕಡಿಮೆ ಅಂತರದಲ್ಲಿ ಪಾಸಾಯಿತು.

ಪಾಠ ಅಂದರೆ ಅಂಥ ಅದ್ದೂರಿ ಏನಲ್ಲ. ಸಂಜೆಯ ಹಾಲಿನ ಸಾಲು ಮುಗಿದು, ನೆಲ ತೊಳೆದು, ಚಾಪೆ ಹಾಸಿದರೆ ಶುರು. ಮೊದಲ ಆರು ತಿಂಗಳು ಪಠ್ಯಪುಸ್ತಕ ತೆಗೆಯಲೇ ಇಲ್ಲ. ಹಾಲಿನ ಚೀಟಿಗಳೇ ಲೆಕ್ಕದ ಪುಸ್ತಕ. ಬಿಂದು ಅಂಕಿ, ಗುಣಾಕಾರ, ಸರಾಸರಿ ಜಿಡ್ಡು ಎಷ್ಟು, ಹದಿನೈದು ದಿನದ ಬಟವಾಡೆಯಲ್ಲಿ ಬೂಸಾ ಹಿಂಡಿಗೆ ಹಿಡಿದದ್ದು ನೂರಕ್ಕೆ ಎಷ್ಟು. ಹತ್ತನೇ ತರಗತಿಯವರು ಏಳರವರಿಗೆ, ಏಳರವರು ಐದರವರಿಗೆ ಹೇಳಬೇಕು ಅನ್ನುವುದು ಅಲ್ಲಿನ ನಿಯಮ. ಆ ಹುಡುಗಿ ಮದ್ರಾಸ್ ಪದ್ಧತಿಯ ಹೆಸರು ಕೇಳಿದವಳಲ್ಲ. ಒಬ್ಬಳೇ ಆದ್ದರಿಂದ ಹೊಳೆದ ಉಪಾಯ. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಕಳಿಸಲು ಕೆಲವು ಮನೆಯವರು ಹಿಂದೆಮುಂದೆ ನೋಡಿದರು. ಅದಕ್ಕೆ ಇಬ್ಬರು ತಾಯಂದಿರು ಸರದಿಯ ಮೇಲೆ ಬಂದು ಕೂರುವುದು, ಗುಂಪಾಗಿ ಮನೆ ಮುಟ್ಟಿಸುವುದು ಅಂತಾಯಿತು. ಹಾಗೆ ಬಂದು ಕೂತ ತಾಯಂದಿರಲ್ಲಿ ಒಬ್ಬರು ಈಗ ತಮ್ಮ ಪಾಸ್ ಬುಕ್ಕನ್ನು ತಾವೇ ಓದಿಕೊಳ್ಳುತ್ತಾರೆ.

ಎಲ್ಲ ಸರಾಗವಾಗಿ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತೆ. 2024ರಿಂದ ಎಸ್‌.ಎಸ್‌.ಎಲ್‌.ಸಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ, ಕಚೇರಿಯಲ್ಲಿ ಕೂತೇ ನೋಡುವ ವ್ಯವಸ್ಥೆ ಬಂತು. 2023ರಲ್ಲಿ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಹೆಚ್ಚಿನ ಕೃಪಾಂಕ ಕೊಟ್ಟ ಮೇಲೆ. ಆ ಕೃಪಾಂಕ ತೆಗೆದ 2025ರ ಮೊದಲ ಪರೀಕ್ಷೆಯಲ್ಲಿ 62.34ಕ್ಕೆ ಬಂತು. ಗೋಡೆಯ ಹಿಂದಿನ ಜಾತ್ರೆ ಚದುರಿದ್ದರ ಲೆಕ್ಕ ಅದು ಅಂತ ನಾವು ತಿಳಿಯುತ್ತೇವೆ. ನಮ್ಮ ಜಗಲಿಯ ಮಕ್ಕಳಲ್ಲೂ ಕೆಲವರು ಫೇಲಾದರು. 'ನೋಡಿದ್ರಾ, ದುಡ್ಡು ದಂಡ' ಅಂದವರಿದ್ದರು. ನಾವು ಹಾಗೆ ನೋಡುವುದಿಲ್ಲ. ಮೊದಲು ಪಾಸಾಗುತ್ತಿದ್ದವರು ಎಷ್ಟೋ ಜನ ಚೀಟಿಯಿಂದ ಪಾಸಾದವರು, ಈಗ ಫೇಲಾದ ಹುಡುಗನಿಗೆ ತನಗೆ ಯಾವುದು ಬರಲಿಲ್ಲ ಅಂತ ಗೊತ್ತು. ಅದೇ ವರ್ಷದಿಂದ ಮೂರು ಪರೀಕ್ಷೆಗಳ ಪದ್ಧತಿಯೂ ಇದ್ದದ್ದರಿಂದ ನಮ್ಮವರಲ್ಲಿ ಇಬ್ಬರು ಎರಡನೇ ಪರೀಕ್ಷೆಯಲ್ಲಿ ದಾಟಿದರು. ಒಬ್ಬ ದಾಟಲಿಲ್ಲ, ಪೇಟೆಯಲ್ಲಿ ಗಾರೆ ಕೆಲಸಕ್ಕೆ ಹೋದ. ಅವನನ್ನು ಏಳನೇ ತರಗತಿಯಲ್ಲೇ ಹಿಡಿದು ಕೂರಿಸಬೇಕಿತ್ತು, ನಾವು ತಡವಾಗಿ ಶುರುಮಾಡಿದೆವು.

ಚೀಟಿ ಹಿಡಿದು ನಿಂತಿದ್ದನಲ್ಲ, ಆ ಅಜ್ಜಿಯ ಮೊಮ್ಮಗ, ಅವನು ಈಗ ಸಂಘದ ಲೆಕ್ಕ ತಪಾಸಣೆಯ ಹೊತ್ತಿಗೆ ಕಾರ್ಯದರ್ಶಿಯವರ ಪಕ್ಕ ಕೂತು ಅಂಕಿ ಓದಿ ಹೇಳುತ್ತಾನೆ. ಅಜ್ಜಿ ಮಾತ್ರ ಈಗಲೂ ಬಟವಾಡೆ ಕಡಿಮೆ ಅಂತಲೇ ಬರುತ್ತಾರೆ.

ಗೌರವಧನದ ವಿಷಯ ಈ ವರ್ಷದ ಸರ್ವಸದಸ್ಯರ ಸಭೆಯ ಪಟ್ಟಿಯಲ್ಲಿ ಮತ್ತೆ ಬಂದಿದೆ. ಪ್ರತಿ ವರ್ಷ ಒಪ್ಪಿಗೆ ಬೇಕು. ವಿರೋಧಿಸುವವರು ಸಭೆಗೆ ಮುಂಚೆ ಒಂದು ಸಂಜೆ ಹಾಲು ಹಾಕಿದ ಮೇಲೆ ಕ್ಯಾನು ಪಕ್ಕಕ್ಕಿಟ್ಟು ಅರ್ಧ ಗಂಟೆ ಜಗಲಿಯ ಮೇಲೆ ಕೂತು ಹೋಗಲಿ. ಜಗಲಿಯ ದೀಪ ಎರಡೇ ಇರುವುದರಿಂದ ಮೂಲೆಯ ಮಕ್ಕಳಿಗೆ ಅಕ್ಷರ ಕಾಣುವುದಿಲ್ಲ, ಇನ್ನೊಂದು ಟ್ಯೂಬು ಹಾಕಿಸಬೇಕು. ಐದರಿಂದ ಹತ್ತರವರೆಗಿನ ಹಳೆಯ ಗಣಿತ, ವಿಜ್ಞಾನದ ಪುಸ್ತಕಗಳು ಯಾರ ಮನೆಯಲ್ಲಾದರೂ ಇದ್ದರೆ ರದ್ದಿಗೆ ಹಾಕಬೇಡಿ, ಬೆಳಗಿನ ಹಾಲಿನ ಜೊತೆ ತಂದು ಕಾರ್ಯದರ್ಶಿಯವರ ಮೇಜಿನ ಮೇಲೆ ಇಟ್ಟು ಹೋಗಿ.